ಯಾರೂ ನೋಡದ ಜಾಗದಲ್ಲಿ ನಾನು ಬರೆದದ್ದು

ಯೋಚಿಸದೆ ಯಾವ ಕೆಲಸವನ್ನೂ ಮಾಡುವವಳಲ್ಲ ನಾನು. ಬಸ್ಸು ಹತ್ತುವ ಮೊದಲು ಬೋರ್ಡನ್ನು ಎರಡು ಸಲ ಓದುತ್ತೇನೆ. ಹತ್ತಿದ ಮೇಲೆ ಕಂಡಕ್ಟರನ್ನು ಕೇಳುತ್ತೇನೆ. ಟಿಕೆಟ್ಟು ಕೊಂಡ ಮೇಲೂ ಪಕ್ಕದವರನ್ನು ಒಮ್ಮೆ ಕೇಳಬೇಕೆನಿಸುತ್ತದೆ. ಆದರೆ ಅಪರಿಚಿತರ ಜೊತೆ ಮಾತಾಡುವುದು ನನ್ನಿಂದಾಗದು. ಇಂಥ ಮುಂಜಾಗ್ರತೆಯ ವ್ಯಕ್ತಿ ಒಂದು ಅಂಗಡಿಯ ಮಾನವನ್ನೂ, ಅದರ ಮಾಲೀಕರ ಕೂದಲನ್ನೂ, ತನ್ನ ನೌಕರಿಯನ್ನೂ ಒಂದೇ ಮಧ್ಯಾಹ್ನ ಬೀದಿಗೆ ತರಬಲ್ಲಳೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಮಹಾರಾಷ್ಟ್ರದ ಗಡಿಯೂರು ಇಚಲಕರಂಜಿಯ ಸೀರೆಯ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವುದು. ಮಾಲೀಕರನ್ನು ಊರೆಲ್ಲ ‘ಅಣ್ಣಾ’ ಎನ್ನುತ್ತದೆ. ಕೆಲಸ ಹಂಗಾಮಿ, ದೀಪಾವಳಿಯವರೆಗೆ ನೋಡಿ ಆಮೇಲೆ ಪಕ್ಕಾ ಮಾಡುವ ಮಾತಾಗಿತ್ತು. ಪಕ್ಕಾ ಆಗದಿದ್ದರೆ ನಾನು ಗಡಹಿಂಗ್ಲಜಕ್ಕೆ, ನಮ್ಮ ಮನೆಗೆ ಮರಳಬೇಕು. ಮನೆ ಒಳ್ಳೆಯದೇ. ಆದರೆ ಅಲ್ಲಿ ನಾನು ಮಲಗುವುದು ಸೋದರತ್ತೆಯ ಕೋಣೆಯಲ್ಲಿ. ನನ್ನ ಫೋನು ಗುಂಯ್ ಎಂದರೆ ಅತ್ತೆ “ಯಾರದು?” ಎನ್ನುತ್ತಾರೆ. ನಿಟ್ಟುಸಿರು ಬಿಟ್ಟರೆ “ಯಾಕ?” ಎನ್ನುತ್ತಾರೆ. ಸುಮ್ಮನಿದ್ದರೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾರೆ. ಇಚಲಕರಂಜಿಯಲ್ಲಿ ನಾನು ಹಿಡಿದ ಬಾಡಿಗೆ ಕೋಣೆಗಾದರೋ ಒಳಗಿನಿಂದ ಹಾಕಿಕೊಳ್ಳುವ ಚಿಲಕವಿದೆ. ನನ್ನ ಜೀವನದ ಮೊದಲ ಸ್ವಂತ ಚಿಲಕ! ಅದನ್ನು ಉಳಿಸಿಕೊಳ್ಳಬೇಕೆಂದರೆ ಏನಾದರೂ ಮಹತ್ತಾದದ್ದನ್ನು ಮಾಡಿ ತೋರಿಸಬೇಕಿತ್ತು.

ಮಹತ್ತಾದದ್ದು ನನ್ನ ಬಳಿ ಸಿದ್ಧವಾಗಿಯೇ ಇತ್ತು. ಕೊಲ್ಹಾಪುರದಲ್ಲಿ ಓದುವಾಗ ಕಲಿತಿದ್ದೆ: ಕಣ್ಣು ಕಾಣದವರ ಫೋನು ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಚಿತ್ರ ಬಂದರೆ, ಅದರ ಬೆನ್ನ ಹಿಂದೆ ಯಾರಾದರೂ ವಿವರಣೆ ಬರೆದಿಟ್ಟಿದ್ದರೆ ಅದನ್ನು ಓದುತ್ತದೆ. ಬರೆಯದಿದ್ದರೆ ‘ಚಿತ್ರ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಗಿರಾಕಿಯೂ ಮುಂದೆ ಹೋಗುತ್ತಾರೆ. ನಮ್ಮ ವೆಬ್‌ಸೈಟಿನಲ್ಲಿ ಇದ್ದದ್ದು ಬರೀ ಚಿತ್ರ.

ಅಣ್ಣಾ ಅವರಿಗೆ ಇದನ್ನು ಮನವರಿಕೆ ಮಾಡಲು ಸ್ಲೈಡುಗಳನ್ನು ತಯಾರಿಸಿದೆ. ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ, ಬಹಳ ಸೊಗಸು. ‘ಎಲ್ಲರಿಗೂ ಓದಲು ಬರುವಂತೆ ಬರೆಯಬೇಕು’ ಎಂಬ ಮೊದಲ ಮರಾಠಿ ಸಾಲನ್ನು ಅಣ್ಣಾ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು, ಕೊನೆಗೆ ಎದ್ದು ಹತ್ತಿರ ಹೋಗಿ ನೋಡಿದರು.

“ಮಶೀನ ಚಾಲೂ ಆಗೇತೇನ್ರಿ ಮ್ಯಾಡಮ್? ಏನೂ ಮೂಡಿಲ್ಲಲ್ಲ?”

ಸ್ಲೈಡು ಮುಚ್ಚಿ ಬಾಯಲ್ಲೇ ಹೇಳಿದೆ. “ಅಣ್ಣಾ, ದುಕಾನದ ಪಾವಟಿಗಿ ಎತ್ತರ ಇದ್ರ ಮೊಣಕಾಲ ನೋವಿನವರು ಬಾಜೂ ದುಕಾನಕ್ಕ ಹೊಕ್ಕಾರ. ಬೈಯೂದಿಲ್ಲ, ಜಗಳಾಡೂದಿಲ್ಲ. ಸುಮ್ಮ ಹೊಕ್ಕಾರ. ಹೋದದ್ದು ನಮಗ ಗೊತ್ತೂ ಆಗೂದಿಲ್ಲ. ಇದೂ ಹಂಗರಿ.”

“ಅಲ್ರೀ, ಸೀರಿ ಅಂದ್ರ ನೋಡೂ ವಸ್ತು. ಕಣ್ಣ ಕಾಣದವರು ಸೀರಿ ತಗೊಂಡ ಏನ ಮಾಡ್ತಾರ?”

“ಉಡ್ತಾರ್ರಿ.”

ಅಣ್ಣಾ ಕನ್ನಡಕ ಒರೆಸಿಕೊಂಡರು. ಆಮೇಲೆ, “ಮಾಡ್ರಿ. ಖರ್ಚ ಬರಬಾರದು. ನೋಡಾಕ ಏನೂ ಬದಲ ಆಗಬಾರದು,” ಎಂದರು.

ಬದಲಾಗುವ ಪ್ರಶ್ನೆಯೇ ಇರಲಿಲ್ಲ. ವಿವರಣೆ ಬರೆಯುವುದು ಚಿತ್ರದ ಹಿಂದೆ. ಕಣ್ಣಿರುವ ಯಾರಿಗೂ ಅದು ಕಾಣುವುದಿಲ್ಲ. ಅದರ ಮೇಲೆ, ನಿಪ್ಪಾಣಿ ಸಂಕೇಶ್ವರದ ಕಡೆಯ ಗಿರಾಕಿಗಳಿಗಾಗಿ ಅಣ್ಣಾ ನನಗೆ ವಹಿಸಿದ್ದು ಕನ್ನಡದ ಭಾಗ. ನಮ್ಮ ಅಂಗಡಿಯಲ್ಲಿ ಕನ್ನಡ ಮಾತಾಡದವರು ಯಾರೂ ಇಲ್ಲ. ಓದಬಲ್ಲವಳು ಮಾತ್ರ ನಾನೊಬ್ಬಳೇ. ಉಳಿದವರೆಲ್ಲ, ಅಣ್ಣಾ ಸಹಿತ, ಮರಾಠಿ ಶಾಲೆಯಲ್ಲಿ ಕಲಿತವರು. ಅಂದರೆ ನನ್ನ ಬರಹಕ್ಕೆ ಎರಡು ಚಿಲಕ! ಮೊದಲನೆಯದು, ಅದು ಕಾಣುವುದಿಲ್ಲ. ಎರಡನೆಯದು, ಕಂಡರೂ ಓದಲು ಬರುವುದಿಲ್ಲ.

ದಿನವಿಡೀ ಬಾಯಿ ಬಿಡದ ಮನುಷ್ಯರ ಕೈಗೆ ಇಂಥ ಜಾಗವನ್ನು ಕೊಡಬಾರದು. ಮೊದಲ ದಿನ ‘ಹಸಿರು ಸೀರೆ, ಹಳದಿ ಅಂಚು’ ಎಂದು ಸಭ್ಯವಾಗಿ ಬರೆದೆ. ಎರಡನೆಯ ದಿನ, ಇದ್ದದ್ದನ್ನು ಇದ್ದಂತೆ ವಿವರಿಸಬೇಕೆಂಬ ಪಾಠ ನೆನಪಾಯಿತು.

‘ಹಸಿರು ಸೀರೆ. ಫೋಟೋದಲ್ಲಿ ಗಿಳಿಯ ಹಸಿರು. ಎದುರಿಗೆ ಬೇಯಿಸಿದ ಪಾಲಕ.’

‘ಕೆಂಪು ಸೀರೆ, ಬಿಳಿ ಅಂಚು. ಬಿಳಿ ಎಂಬುದು ಮೊದಲ ಒಗೆತದವರೆಗೆ.’

‘ನೀಲಿ ಸೀರೆ. ಸೆರಗಿನಲ್ಲಿ ಜರಿ ಇದೆ ಎಂದು ಹೇಳಲಾಗಿದೆ.’

ಹೀಗೇ ಸಾಗಿ ‘ನಮ್ಮ ಪರಿಚಯ’ ಎಂಬ ಪುಟಕ್ಕೆ ಬಂದೆ. ಅಲ್ಲಿ ಅಣ್ಣಾ ಅವರ ದೊಡ್ಡ ಫೋಟೋ. ‘ಮಾಲೀಕರು ಮಗ್ಗದ ಮುಂದೆ ನಿಂತಿದ್ದಾರೆ. ಮಗ್ಗ ಪಕ್ಕದವರದು. ಕೂದಲಿನ ಕಪ್ಪು ಹಿಂದಿನ ದಿನದ್ದು. ನಗುತ್ತಿಲ್ಲ, ಹಲ್ಲು ತೋರಿಸುತ್ತಿದ್ದಾರೆ.’ ಕೆಳಗೆ ಸಿಬ್ಬಂದಿಯ ಗುಂಪು ಫೋಟೋ. ‘ಎಡತುದಿಯಲ್ಲಿ ವೆಬ್‌ಸೈಟಿನ ಯುವತಿ. ಶಾಂತ ಸ್ವಭಾವ. ಧೈರ್ಯವಂತೆ.’ ಇದು ಸ್ವಲ್ಪ ಹೆಚ್ಚಾಯಿತೇನೋ ಎನಿಸಿತು. ಇರಲಿ, ಯಾರು ನೋಡುತ್ತಾರೆ?

ದೀಪಾವಳಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಅಣ್ಣಾ ಪೇಢೆಯ ಪೊಟ್ಟಣ ಹಿಡಿದುಕೊಂಡೇ ಒಳಗೆ ಬಂದರು.

“ನಿಮ್ಮ ಮಾತ ಖರೇ ಆತ್ರಿ ಮ್ಯಾಡಮ್! ಗಡಹಿಂಗ್ಲಜದಾಗ ಅಕ್ಕಾತಾಯಿ ಅಂತ ಅದಾರ, ದೊಡ್ಡ ಸೀರಿ ದುಕಾನ. ಕಣ್ಣ ಹೋಗಿ ಭಾಳ ವರ್ಷ ಆತು. ಫೋನಿನಾಗ ನಮ್ಮ ವೆಬ್‌ಸೈಟ್ ಪೂರಾ ಕೇಳ್ಯಾರಂತ! ದಿವಾಳಿ ಮಾಲ ಇಲ್ಲೇ ತಗೋಳಾಕ ಮಧ್ಯಾಹ್ನ ಬರಾಕತ್ತಾರ!”

“ಪೂರಾ?”

“ಅಗದೀ ಪೂರಾ!”

ಕೈಗೆತ್ತಿಕೊಂಡ ಪೇಢೆಯನ್ನು ಮರಳಿ ಪೊಟ್ಟಣದಲ್ಲಿಟ್ಟೆ. ಅಕ್ಕಾತಾಯಿಯವರ ಅಂಗಡಿಯನ್ನು ನಾನು ಬಲ್ಲೆ. ನಮ್ಮ ಅತ್ತೆ ಸೀರೆ ಕೊಳ್ಳುವುದು ಅಲ್ಲಿಯೇ. ಅಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಗೆ ಹಿರಣ್ಯಕೇಶಿ ಹೊಳೆ ದಾಟಿರುತ್ತದೆ. ಆ ಕ್ಷಣದಲ್ಲಿ ನನಗೊಂದು ಸತ್ಯ ಹೊಳೆಯಿತು: ಕಣ್ಣು ಕಾಣದ ಗಿರಾಕಿಗಳೂ ಇದ್ದಾರೆ ಎಂದು ಈ ಅಂಗಡಿಯಲ್ಲಿ ನಿಂತು ವಾದಿಸಿದವಳು ನಾನು. ಅಣ್ಣಾ ನಂಬಿದರು. ನಂಬದೆ ಉಳಿದವಳು ನಾನೊಬ್ಬಳೇ!

ಅಕ್ಕಾತಾಯಿ ಕೇಳಿದ್ದು ಕೇಳಿಯಾಗಿತ್ತು, ಸಾಕ್ಷಿಯಾದರೂ ಉಳಿಯಬಾರದಿತ್ತು. ವಿವರಣೆಗಳನ್ನು ಒಂದೊಂದಾಗಿ ಅಳಿಸುತ್ತ ಕೂತರೆ ಸಂಜೆಯಾಗುತ್ತಿತ್ತು. ಚಿತ್ರಗಳನ್ನಾದರೆ ಒಟ್ಟಿಗೆ ಅಳಿಸಬಹುದು. ಮರ ಕಡಿದರೆ ನೆರಳೂ ಹೋಗುತ್ತದಲ್ಲ? ‘ಎಲ್ಲ ಚಿತ್ರಗಳನ್ನೂ ಅಳಿಸಬೇಕೇ?’ ಎಂದು ಕಂಪ್ಯೂಟರು ಕೇಳಿತು. ಹೌದು ಎಂದೆ. ‘ಖಂಡಿತವಾಗಿಯೂ?’ ಎಂದಿತು. ಅದಕ್ಕೂ ಹೌದು ಎಂದೆ. ಬಸ್ಸಿನ ಬೋರ್ಡನ್ನು ಎರಡು ಸಲ ಓದುವ ನಾನು!

ಚಿತ್ರಗಳೆಲ್ಲ ಹೋದವು. ಹೋದ ಜಾಗದಲ್ಲಿ ಒಂದೊಂದಾಗಿ ಅಕ್ಷರಗಳು ಮೂಡಿದವು. ‘ಎದುರಿಗೆ ಬೇಯಿಸಿದ ಪಾಲಕ.’ ಚಿತ್ರ ಇಲ್ಲದಾದಾಗ ಅದರ ಹಿಂದಿನ ವಿವರಣೆ ಮುಂದೆ ಬಂದು ಕಾಣುತ್ತದೆ! ಇದು ಈ ವ್ಯವಸ್ಥೆಯ ದೊಡ್ಡ ಗುಣ. ನನ್ನ ನಾಲ್ಕನೆಯ ಸ್ಲೈಡಿನಲ್ಲಿ ತಿಳಿ ಬೂದು ಅಕ್ಷರದಲ್ಲಿ ನಾನೇ ಬರೆದಿದ್ದೆ.

ಗಿರಾಕಿಗಳಿಗೆಂದು ಗೋಡೆಗೆ ಹಾಕಿದ ದೊಡ್ಡ ಪರದೆಯ ಮುಂದೆ ಅಣ್ಣಾ ನಿಂತುಬಿಟ್ಟಿದ್ದರು.

“ಮ್ಯಾಡಮ್, ಫೋಟೋ ಎಲ್ಲಿ ಹೋದ್ವು?”

“ಸರ್ವರ್...” ಎಂದೆ.

“ಇರ್ಲಿ ಬಿಡ್ರಿ, ಬರಾಕತ್ತವರಿಗೆ ಫೋಟೋ ಯಾಕ ಬೇಕು? ಇದೇನ ಕನ್ನಡದಾಗ ಇಷ್ಟ ಬರದೀರಿ? ಶಾಭಾಸ! ನನ್ನ ಬಗ್ಗೇನೂ ಐತೇನ?”

“ಐತ್ರಿ,” ಎಂದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ.

ಅಕ್ಕಾತಾಯಿ ಬಂದರು. ಎತ್ತರದ ನಿಲುವು, ಕೈಯಲ್ಲಿ ಬಿಳಿ ಕೋಲು, ಹಸಿರು ಬಳೆ. ಅವರನ್ನು ಕೈ ಹಿಡಿದು ಕರೆತರುವ ಗೌರವವನ್ನು ಅಣ್ಣಾ ನನಗೇ ಕೊಟ್ಟರು.

“ತಂಗಿ, ಕೈ ಯಾಕ ಇಷ್ಟ ಥಂಡಿ?”

“ಏಸಿ ಐತ್ರಿ.”

“ಏಸಿ ಎಲ್ಲಿ ಐತಿ? ಫ್ಯಾನಿನ ಸಪ್ಪಳ ಕೇಳಾಕತ್ತೈತಿ.” ಅವರು ಅಣ್ಣಾ ಅವರ ಕಡೆ ತಿರುಗಿದರು. “ಈಕಿ ನನಗ ಹಾದಿ ತೋರಸಾಕ ಬಂದಾಳೋ, ನನ್ನ ಹಿಡಕೊಂಡ ನಿಂತಾಳೋ? ಮತ್ತ ದನಿ ಕೇಳಿದ್ರ ನಮ್ಮ ಗಡಹಿಂಗ್ಲಜದ ಹುಡುಗಿ ಇದ್ದಂಗ ಐತಿ. ಯಾರ ಮಗಳ ತಂಗಿ?”

ಹೇಳಿದೆ. “ಹಾಂ, ನಿಮ್ಮತ್ತಿ ಗೊತ್ತ ಬಿಡು!” ಎಂದರು. ಕೊನೆಯ ಆಸರೆಯೂ ಹೋಯಿತು.

ಗಾದಿಯ ಮೇಲೆ ಕೂತು ಅವರು ಫೋನು ತೆಗೆದರು. ಅದು ಓದತೊಡಗಿತು. ದೇವರ ದಯೆ! ಅದು ಓದುವ ವೇಗಕ್ಕೆ ಒಂದಕ್ಷರವೂ ತಿಳಿಯುವಂತಿರಲಿಲ್ಲ. ಬಾಣಲೆಯಲ್ಲಿ ಸಾಸಿವೆ ಸಿಡಿದಂತಿತ್ತು. ಅವರಿಗೆ ಅಭ್ಯಾಸ, ನಮಗಿಲ್ಲ. ಬದುಕಿದೆ ಎಂದುಕೊಂಡು ಚಹದ ಕಪ್ಪು ಬಸಿ ಕೈಗೆತ್ತಿಕೊಂಡೆ.

“ಅಕ್ಕಾ, ಸ್ವಲ್ಪ ಸಾವಕಾಶ ಹಚ್ಚರಿ,” ಎಂದರು ಅಣ್ಣಾ. “ನಮಗೂ ಕೇಳಲಿ.”

ಅಕ್ಕಾತಾಯಿ ವೇಗ ಇಳಿಸಿದರು. ಫೋನಿನೊಳಗಿನ ಹೆಂಗಸು ಪಂಚಾಂಗ ಓದುವ ಗಾಂಭೀರ್ಯದಿಂದ ಆರಂಭಿಸಿದಳು. “ಹಸಿರು ಸೀರೆ. ಫೋಟೋದಲ್ಲಿ ಗಿಳಿಯ ಹಸಿರು. ಎದುರಿಗೆ ಬೇಯಿಸಿದ ಪಾಲಕ.”

ಎರಡೂ ಚಿಲಕ ಒಟ್ಟಿಗೆ ಕಳಚಿದವು. ಓದಲು ಬಾರದವರಿಗೆಲ್ಲ ಕೇಳಲು ಬರುತ್ತದೆ ಎಂಬುದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ! ಅಣ್ಣಾ ಅವರ ಹುಬ್ಬು ಏರಿತು. ಕೆಂಪು ಸೀರೆಯ ಬಿಳಿ ಅಂಚು ಬಂತು. ಹುಬ್ಬು ಇನ್ನೂ ಏರಿತು. ಜರಿಯ ಬಗ್ಗೆ ‘ಹೇಳಲಾಗಿದೆ’ ಬಂದಾಗ ಏರಲು ಜಾಗ ಉಳಿದಿರಲಿಲ್ಲ.

“ಯಾರ ಬರದದ್ದು ಇದು?”

ಇಡೀ ಅಂಗಡಿ ನನ್ನ ಕಡೆ ನೋಡಿತು. ಬಸಿಯ ಮೇಲೆ ಕಪ್ಪು ಕಟಕಟ ಎನ್ನುತ್ತಿತ್ತು. ನಿಲ್ಲಿಸಲು ಇನ್ನೊಂದು ಕೈ ಹಚ್ಚಿದೆ. ಸಪ್ಪಳ ಎರಡು ಪಟ್ಟಾಯಿತು.

“ಯಾರ ಬರದ್ರೇನ ಅಣ್ಣಾ, ನಾ ಬಂದದ್ದ ಇದಕ್ಕ,” ಎಂದರು ಅಕ್ಕಾತಾಯಿ. “ಬ್ಯಾರೇದವರ ವೆಬ್‌ಸೈಟಿನಾಗ ನನ್ನ ಫೋನ ‘ಚಿತ್ರ, ಚಿತ್ರ, ಚಿತ್ರ’ ಅಂತ ಜಪಾ ಮಾಡತೈತಿ. ಬರದವರೂ ‘ಅಪ್ರತಿಮ ಸುಂದರ ಸೀರಿ’ ಅಂತ ಬರೀತಾರ. ಎಲ್ಲಾನೂ ಅಪ್ರತಿಮ! ಬಣ್ಣ ಯಾವುದು ಅಂತ ಒಬ್ಬಾಂವಾ ಹೇಳೂದಿಲ್ಲ. ಪಾಲಕ ಅಂದ್ ಕೂಡಲೆ ನನಗ ಕಣ್ಣಮುಂದ ಬಂತು. ನಮ್ಮ ಕಡೆ ವಯಸ್ಸಾದವರು ಅದ ಬಣ್ಣ ಬೇಡತಾರ. ಪಾಲಕ ಇದ್ದಷ್ಟೂ ಕಟ್ಟರಿ. ಬಣ್ಣ ಬಿಡೂ ಕೆಂಪು ಬ್ಯಾಡ.”

ಹುಬ್ಬು ಅರ್ಧ ಇಳಿಯಿತು. ಅಷ್ಟರಲ್ಲಿ ಫೋನಿನ ಹೆಂಗಸು, ಯಾರೂ ಕೇಳದಿದ್ದರೂ, ಮುಂದಿನ ಪುಟಕ್ಕೆ ಹೋಗಿದ್ದಳು. ನಾನು ಓಡಿಹೋಗಿ ವೈಫೈ ಆರಿಸಿದೆ. ವೈಫೈ ಅಂಗಡಿಯದು, ಫೋನು ಅವರದು. ಆರಿದ್ದು ಗೋಡೆಯ ಪರದೆ ಮಾತ್ರ. ಫೋನಿನ ಒಂದೊಂದು ಶಬ್ದವೂ ಸ್ಪಷ್ಟವಾಗಿ ಕೇಳಿಸಿತು.

“ಮಾಲೀಕರು ಮಗ್ಗದ ಮುಂದೆ ನಿಂತಿದ್ದಾರೆ. ಮಗ್ಗ ಪಕ್ಕದವರದು. ಕೂದಲಿನ ಕಪ್ಪು ಹಿಂದಿನ ದಿನದ್ದು...”

ಹಲ್ಲಿನವರೆಗೂ ಓದಿಯೇ ಮುಗಿಸಿದಳು. ಅಣ್ಣಾ ಅವರ ಕೈ ತಾನಾಗಿಯೇ ಕೂದಲಿಗೆ ಹೋಗಿತ್ತು. ಪಕ್ಕದ ಮಗ್ಗದವರು ಆಗಲೇ ಬಾಗಿಲಲ್ಲಿ ಹಾದುಹೋಗಬೇಕೆ!

“ಅದನ್ನ ತಿದ್ದರಿ!” ಎಂದು ಅಣ್ಣಾ ಗುಡುಗಿದರು. “ರುಬಾಬದಾರ, ಠೀವಿ ಇರೂ ಮನಷ್ಯಾ ಅಂತ ಬರೀರಿ!”

“ಹಂಗ ಬರದ್ರ ನನಗ ಪಾಲಕದ ಮ್ಯಾಲೂ ಭರೋಸಾ ಉಳಿಯೂದಿಲ್ಲ ಅಣ್ಣಾ,” ಎಂದರು ಅಕ್ಕಾತಾಯಿ, ತಣ್ಣಗೆ.

ಅಣ್ಣಾ ಗಾದಿಯ ಮೇಲೆ ಕೂತರು. ಎದ್ದರು. ಮತ್ತೆ ಕೂತರು. “ಈಕೀನ ಪಕ್ಕಾ ಮಾಡ್ಲೋ, ಮನಿಗೆ ಕಳಸ್ಲೋ ತಿಳೀವಲ್ದು.”

ನನಗೆ ಚಿಲಕ ಕಂಡಿತು. ನಂತರ ಅತ್ತೆ ಕಂಡರು.

“ಕಳಸರಿ,” ಎಂದರು ಅಕ್ಕಾತಾಯಿ. “ಮನಿ ಗಡಹಿಂಗ್ಲಜದಾಗ ಐತಿ. ನನ್ನ ದುಕಾನಕ್ಕ ನಾ ಇಟ್ಕೊಳ್ತೇನಿ.”

“ಪಕ್ಕಾ!” ಎಂದರು ಅಣ್ಣಾ.

ಸ್ವಲ್ಪ ಹೊತ್ತಿನ ಮೇಲೆ, ಪಾಲಕಗಳನ್ನು ಕಟ್ಟಿಸುತ್ತ, ಅಣ್ಣಾ ತಮ್ಮಷ್ಟಕ್ಕೆ ತಾವೇ ಎಂಬಂತೆ ಹೇಳಿದರು: “ನನ್ನ ವೆಬ್‌ಸೈಟಿನಾಗ ಕನ್ನಡದಾಗ ಏನ ಐತಿ ಅಂತ ನನಗ ಇವತ್ತ ತಿಳೀತು ನೋಡ್ರಿ. ಮಾತ ಬರತೈತಿ, ಓದಾಕ ಬರೂದಿಲ್ಲ ಅನ್ನವರು ಈ ಗಡಿಗುಂಟ ನನ್ನಂಥವರು ಎಷ್ಟ ಮಂದಿ ಇರಬೇಕು? ಎಲ್ಲಾರೂ ಗಿರಾಕಿನ ಅಲ್ಲಾ?” ನನ್ನ ಅಷ್ಟೂ ಸ್ಲೈಡುಗಳಲ್ಲಿ ಈ ಮಾತು ಇರಲಿಲ್ಲ.

ಅಕ್ಕಾತಾಯಿಯವರನ್ನು ಕಾರಿನವರೆಗೆ ಬಿಡಲು ಹೋದೆ. ಕೂತವರು ಗಾಜು ಇಳಿಸಿದರು.

“ಎಲ್ಲಾ ಖರೇ ಬರದಿ ತಂಗಿ. ಒಂದ ಸುಳ್ಳ ಐತಿ. ತಿದ್ದು.”

“ಯಾವುದ್ರಿ?”

“ಎಡತುದಿಯಾಕಿ ಧೈರ್ಯವಂತಿ ಅಂತ ಬರದದ್ದು. ನಿನ್ನ ಥಂಡಿ ಕೈ ಮುಟ್ಟೇನಿ, ಕಪ್ಪುಬಸಿ ಸಪ್ಪಳಾನೂ ಕೇಳೇನಿ.”

ಫೋಟೋಗಳನ್ನೆಲ್ಲ ಮತ್ತೆ ಹಾಕುವಷ್ಟರಲ್ಲಿ ಹಬ್ಬ ಬಂತು. ಅಣ್ಣಾ ಅವರ ಹೊಸ ಫೋಟೋ ತೆಗೆಸಲಾಯಿತು: ಸ್ವಂತ ಗಾದಿ, ನರೆತ ಕೂದಲು, ಖರೇ ನಗು. ಅದರ ವಿವರಣೆ ಬರೆಯುವಾಗ ಇಡೀ ಅಂಗಡಿ ನನ್ನ ಬೆನ್ನ ಹಿಂದೆ ನಿಂತು ಗಟ್ಟಿಯಾಗಿ ಓದಿಸಿಕೊಂಡಿತು. ಎಲ್ಲರೂ ಹೋದ ಮೇಲೆ ಗುಂಪು ಫೋಟೋ ತೆರೆದು ಒಂದು ಸಾಲು ತಿದ್ದಿದೆ: ‘ಎಡತುದಿಯಲ್ಲಿ ಒಬ್ಬ ಯುವತಿ. ಹೆದರಿದ್ದಾಳೆ.’ ಕೋಣೆಗೆ ಬಂದೆ. ಒಳಗಿನಿಂದ ಚಿಲಕ ಹಾಕಿಕೊಂಡು, ಗೋಡೆಗೆ ಒರಗಿ, ಕಣ್ಣು ಮುಚ್ಚಿದೆ.

ಫೋನು ಗುಂಯ್ ಎಂದಿತು. ಅತ್ತೆ! ನಮ್ಮ ವೆಬ್‌ಸೈಟನ್ನು ಫೋನಿನಲ್ಲಿ ಓದಿಸಿ ಕೇಳುವುದನ್ನು ಅಕ್ಕಾತಾಯಿ ಅತ್ತೆಗೂ ಕಲಿಸಿಕೊಟ್ಟಿದ್ದರಂತೆ.

“ಹೆದರ್ಯಾಳ ಅಂತ ಬರದೀಯಲ್ಲ,” ಎಂದರು ಅತ್ತೆ. “ಯಾಕ? ಯಾರಿಗೆ?”