ಇಪ್ಪತ್ತೆರಡು ಪುಟ, ಒಂದೇ ನಂಬರು

ಇಡೀ ರಗಳೆ ಶುರುವಾದದ್ದು ಹತ್ತು ಅಂಕಿಗಳಿಂದ. ಆ ಹತ್ತು ಅಂಕಿ ಶಂಭುಲಿಂಗನ ಮೊಬೈಲ್ ನಂಬರು. ಅದನ್ನು ಕ್ಲಾಸಿನ ಬೋರ್ಡಿನ ಮೇಲೆ ಬರೆದವನೂ ಅವನೇ. ಹಾಗಾಗಿ ಬೈಯೋಣವೆಂದರೆ ಅವನಿಗೆ ಬೇರೆ ಯಾರೂ ಸಿಗಲಿಲ್ಲ.

ಬುಧವಾರ ಬೆಳಿಗ್ಗೆ ಆರೂವರೆ. ಹೊಸಪೇಟೆಯ ತನ್ನ ಬಾಡಿಗೆ ರೂಮಿನ ಮುಂದೆ ಬಾಯಲ್ಲಿ ಬ್ರಶ್ ಇಟ್ಟುಕೊಂಡು ನಿಂತಿದ್ದಾಗ ಫೋನ್ ಬಂತು. ಕೈಯೆಲ್ಲ ನೊರೆಯಾಗಿದ್ದರಿಂದ ಕಟ್ಟೆಯ ಮೇಲಿಟ್ಟು ಸ್ಪೀಕರ್ ಒತ್ತಿದ.

"ರಾಮಾಂಜಿನಿ ಅವ್ರೇನ್ರಿ? ನಾವು ಮೆಟ್ರಿಯಿಂದ ಮಾತಾಡಾದು. ನಮ್ ಟ್ರ್ಯಾಕ್ಟರ್ ಟ್ರಾಲಿ ಹಿಂದ ಒಂದು ಹುಲಿ ಬರಸ್ಬೇಕಿತ್ತು. ಹಲ್ಲು ಚಂದಾಗಿ ಕಾಣ್ಬೇಕ್ರಿ."

"ರಾಂಗ್ ನಂಬರ್ ರೀ," ಎಂದು ಶಂಭುಲಿಂಗ ಕಟ್ ಮಾಡಿದ.

ಬಾಯಿ ಮುಕ್ಕಳಿಸುವಷ್ಟರಲ್ಲಿ ಇನ್ನೊಂದು. ಸುಧಾರಾಣಿ ಮೇಡಂ ಅದಾರೇನ್ರಿ ಎಂದು ಒಬ್ಬರು. ಅದಾದ ಮೇಲೆ ಐಶ್ವರ್ಯ ಅವರಿಗೆ ಕೊಡ್ರಿ ಎಂದು ಮತ್ತೊಬ್ಬರು. ಆಮೇಲೆ ಸ್ಫೂರ್ತಿ. ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ಮನೆಯ ಒಡತಿ ನೀಲಗಂಗಮ್ಮನ ಕೈ ಅರ್ಧ ಗೆರೆಯಲ್ಲೇ ನಿಂತಿತು.

"ಸುಧಾರಾಣಿ ಯಾರಪ್ಪ?"

"ನಮ್ ಸ್ಟೂಡೆಂಟ್ ರೀ ಅಮ್ಮಾರ."

"ಐಶ್ವರ್ಯ?"

"ಆಕೀನೂ ಸ್ಟೂಡೆಂಟ್."

"ಸ್ಫೂರ್ತಿನೂ ಸ್ಟೂಡೆಂಟ ಇರ್ಬೇಕು."

"ಹೌದ್ರಿ ಅಮ್ಮಾರ."

"ಒಳ್ಳೇ ಹುಡುಗ ಅಂತ ರೂಮು ಕೊಟ್ಟೀನಿ. ಇನ್ನೂ ಹೊತ್ತು ಏರಿಲ್ಲ, ಆಗ್ಲೇ ಮೂರು ಹುಡುಗ್ಯಾರ ಹೆಸರಾತು. ನಿಮ್ಮವ್ವಗ ಒಂದು ಮಾತು ಹೇಳಾದು ಚಲೋ," ಎಂದು ಆಕೆ ಉಳಿದರ್ಧ ಗೆರೆಯನ್ನು ಬೇಕಂತಲೇ ನಿಧಾನವಾಗಿ ಎಳೆದಳು. ಅಷ್ಟು ಹೊತ್ತೂ ಕಣ್ಣು ಅವನ ಫೋನಿನ ಮೇಲೆಯೇ ಇತ್ತು.

ಶಂಭುಲಿಂಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ತನ್ನ ಇನ್ನೊಬ್ಬ ವಿದ್ಯಾರ್ಥಿ ರಾಮಾಂಜಿನಿಯ ವೆಬ್ ಪುಟ ತೆರೆದ. ಮೇಲೆ ಹೆಸರು, ನಡುವೆ ಚಿತ್ರಗಳು, ಕೆಳಗೆ 'ಸಂಪರ್ಕಿಸಿ' ಎಂಬ ಮಾತು, ಅದರ ಕೆಳಗೆ ಶಂಭುಲಿಂಗನ ನಂಬರು. ಸುಧಾರಾಣಿಯ ಪುಟ ತೆರೆದ. ಅದೇ ನಂಬರು. ಇಪ್ಪತ್ತೆರಡು ವಿದ್ಯಾರ್ಥಿಗಳ ಇಪ್ಪತ್ತೆರಡು ಪುಟಗಳನ್ನೂ ಒಂದೊಂದಾಗಿ ತೆರೆದು ನೋಡಿದ. ಇಪ್ಪತ್ತೆರಡರಲ್ಲೂ ಅವನದೇ ನಂಬರು.

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ಶಂಭುಲಿಂಗ ಊರಿನ ಒಂದು ಖಾಸಗಿ ಕಲಾ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಚಿತ್ರ ಬರೆಯುವ, ಮೂರ್ತಿ ಮಾಡುವ ಹುಡುಗರಿಗೆ ವೆಬ್ ಪುಟ ಮಾಡಲು ಕಲಿಸುವುದು ಅವನ ಕೆಲಸ. ಇದು ಸುಲಭದ ಕೆಲಸ ಎನ್ನುವವರು ಒಂದು ದಿನ ಬಂದು ಆ ಕ್ಲಾಸಿನಲ್ಲಿ ಕೂತು ನೋಡಲಿ. ಕೆಂಪು ಬಣ್ಣಕ್ಕೆ ಕಂಪ್ಯೂಟರಿನ ಆರಕ್ಷರದ ಕೋಡು ಬರೆಯಿರಿ ಎಂದರೆ, ಇದು ಕುಂಕುಮದ ಕೆಂಪಲ್ಲ, ಇಟ್ಟಿಗೆಯ ಕೆಂಪು ಎಂದು ಅರ್ಧ ತಾಸು ಜಗಳ. ಒಬ್ಬಳು ಕಾಗದದ ಮೇಲೆ ಬಣ್ಣ ಕಲಸಿ ತಂದು ಕಂಪ್ಯೂಟರಿಗೆ ಒತ್ತಿ ಹಿಡಿದು ಹೋಲಿಸಿ ನೋಡಿದ್ದಳು. ಅದರ ಕಲೆ ಇನ್ನೂ ಇದೆ. ಮೂರ್ತಿ ವಿಭಾಗದ ಹುಡುಗರು, ಸರ್, ಈ ಪುಟದ ಬೆನ್ನು ಎಲ್ಲೈತ್ರಿ, ಸುತ್ತಾ ನೋಡಾದು ಹೆಂಗ ಎಂದು ಕೇಳಿದ್ದರು.

ಆದರೂ ಅವನಿಗೆ ಆ ಕ್ಲಾಸೆಂದರೆ ಜೀವ. ತಾನು ಬರೆದ ನಾಲ್ಕು ಸಾಲು ಪರದೆಯ ಮೇಲೆ ತನ್ನ ಚಿತ್ರವಾಗಿ ಮೂಡಿದಾಗ ಸುಧಾರಾಣಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತುಬಿಟ್ಟಿದ್ದಳು. ಅವತ್ತು ಶಂಭುಲಿಂಗ ಮಧ್ಯಾಹ್ನದ ಊಟ ಮರೆತಿದ್ದ.

ಆ ಕ್ಲಾಸಿನ ಹಣೆಬರಹ ಇವತ್ತು ಮೂರು ಗಂಟೆಗೆ ತೀರ್ಮಾನವಾಗಬೇಕಿತ್ತು. ಕಾಲೇಜು ನಡೆಸುವ ಟ್ರಸ್ಟಿನ ಸಮಿತಿ ಬಂದು ಪುಟಗಳನ್ನು ನೋಡಿ, ಮುಂದಿನ ವರ್ಷ ಈ ಕ್ಲಾಸು ಬೇಕೋ ಬೇಡವೋ ಹೇಳುವುದಿತ್ತು. ಬೇಡವೆಂದರೆ ಶಂಭುಲಿಂಗ ಕಂಪ್ಲಿಗೆ ಹೋಗಿ ಸೋದರಮಾವನ ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡಿನ ಎರಡೂ ಮಗ್ಗುಲು ಜೆರಾಕ್ಸ್ ತೆಗೆಯುತ್ತಾ ಕೂರಬೇಕು. ಇಪ್ಪತ್ತೆರಡು ಪುಟಗಳಲ್ಲೂ ಮೇಷ್ಟರ ನಂಬರೇ ಇದ್ದರೆ ಯಾವ ಸಮಿತಿ ತಾನೇ ಹುಡುಗರು ಮಾಡಿದ್ದೆಂದು ನಂಬುತ್ತದೆ? ಎಲ್ಲವನ್ನೂ ಮೇಷ್ಟರೇ ಮಾಡಿಕೊಟ್ಟಿದ್ದಾರೆ ಎಂದೇ ಅನ್ನುತ್ತದೆ.

ಎಂಟಕ್ಕೇ ಕಾಲೇಜಿಗೆ ಓಡಿದ. ಅಲ್ಲಿ ಹುಡುಗರೇ ಇರಲಿಲ್ಲ. ಮಣ್ಣಿನ ಮೂರ್ತಿ ಕಲಿಸುವ ದುರುಗಣ್ಣ ಮಾತ್ರ ವರಾಂಡದಲ್ಲಿ ಜೇಡಿಮಣ್ಣು ತುಳಿಯುತ್ತಿದ್ದ.

"ಹುಡುಗ್ರು ತೋಟಪ್ಪ ಮಾಸ್ತರ್ ಜೋಡಿ ಹಂಪಿಗೆ ಹೋಗ್ಯಾರಲ್ರಿ, ಔಟ್‌ಡೋರ್ ಸ್ಕೆಚಿಂಗಿಗೆ. ಎರಡೂವರಿಗೆ ಬರ್ತಾರ."

"ಫೋನ್ ಮಾಡಿದ್ರ ಎಲ್ಲಾರದೂ ಸ್ವಿಚ್ ಆಫ್ ಬರ್ತೈತಲ್ರಿ."

"ಬರ್ತೈತಿ ಮತ್ತ. ಬರಿಯಾಗ ಫೋನು ಇರಬಾರದು ಅಂತ ಮಾಸ್ತರು ಎಲ್ಲಾರದೂ ಇಸ್ಕೊಂಡು ತಮ್ ಚೀಲದಾಗ ಹಾಕ್ಕೊಂತಾರ. ಅದಿರ್ಲಿ, ನಿಮಗೊಂದು ಖುಷಿ ಸುದ್ದಿ. ನಿನ್ನೆ ಸಂಜಿಗೆ ಹುಡುಗ್ರ ಪುಟ ಎಲ್ಲಾ ನಾನು ಗ್ರೂಪಿಗೆ ಹಾಕೀನಿ."

"ಯಾವ ಗ್ರೂಪು?"

"ನನ್ನವು ಹದಿನಾರು ಗ್ರೂಪು ಅದಾವ್ರಿ. ಕಂಪ್ಲಿ, ಸಂಡೂರು, ತೋರಣಗಲ್ಲಿನ ಕ್ವಾರ್ಟರ್ಸಿನವ್ರು, ನಮ್ ಬೀಗರದು. ಮಂದಿ ಭಾಳ ಮೆಚ್ಚ್ಯಾರ."

ಶಂಭುಲಿಂಗನಿಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ವಡ್ಡು ಎಂಬ ಊರಿನಿಂದ ಒಬ್ಬರು ಫೋನ್ ಮಾಡಿ, ಮನೆಯ ಮುಂಬಾಗಿಲಿಗೆ ಎರಡು ನವಿಲು ಬೇಕಾಗಿತ್ತು ಎಂದರು. "ನಾನು ನವಿಲು ಬರಿಯಾಂವಲ್ರಿ," ಎಂದು ಸ್ಕೂಟರ್ ಹತ್ತಿದ.

ಹಂಪಿಗೆ ಮುಟ್ಟುವವರೆಗೆ ಫೋನು ಜೇಬಿನಲ್ಲಿ ಒದರುತ್ತಲೇ ಇತ್ತು. ಕಡ್ಡಿರಾಂಪುರ ದಾಟುವಾಗ ಒಂದಕ್ಕೆ ಗಾಡಿ ನಿಲ್ಲಿಸಿ ಉತ್ತರಿಸಿದ. ನಿಶ್ಚಿತಾರ್ಥಕ್ಕೆ ಹೆಣ್ಣು ಗಂಡಿನ ಚಿತ್ರ ಬೇಕಂತೆ, ಗಂಡು ಸ್ವಲ್ಪ ಬೆಳ್ಳಗೆ ಕಾಣಬೇಕಂತೆ. ಇನ್ನೊಂದಕ್ಕೆ ನಿಲ್ಲಿಸಿದ. ಅವರಿಗೆ ಅಂಗಡಿಯ ಶಟರ್ ಮೇಲೆ ಬಾಳೆಗೊನೆ ಬೇಕಾಗಿತ್ತು. ಆಮೇಲೆ ನಿಲ್ಲಿಸುವುದನ್ನು ಬಿಟ್ಟು, ಎಲ್ಲವನ್ನೂ ಹಾಗೇ ಒದರಲು ಬಿಟ್ಟ.

ಹೇಮಕೂಟದ ಬಂಡೆಗಳ ಮೇಲೆ ಹುಡುಗರು ಚದುರಿ ಕೂತಿದ್ದರು. ತೋಟಪ್ಪ ಮಾಸ್ತರು ಒಂದು ಮಂಟಪದ ನೆರಳಲ್ಲಿ, ಫೋನುಗಳ ಚೀಲವನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದರು. ಅರವತ್ತು ದಾಟಿದವರು, ಮೂವತ್ತು ವರ್ಷದಿಂದ ಪೇಂಟಿಂಗ್ ಕಲಿಸುತ್ತಿರುವವರು.

"ಮಾಸ್ತರ, ಹುಡುಗ್ರ ಫೋನ್ ಐದು ನಿಮಿಷ ಕೊಡ್ರಿ. ಭಾಳ ಅರ್ಜೆಂಟ್ ಐತಿ."

"ಕುಂದ್ರಿ. ಈ ಬೆಳಕು ಹನ್ನೆರಡರ ತನಕ ಇರ್ತೈತಿ. ಆಮ್ಯಾಲೆ ನೆಳ್ಳು ಸತ್ತೋಗ್ತಾವ. ಆಗ ಕೊಡ್ತೀನಿ."

"ಮೂರಕ್ಕ ಸಮಿತಿ ಬರ್ತೈತ್ರಿ."

"ಸಮಿತಿ ನಾಳೀನೂ ಬರ್ತೈತಿ. ಈ ಬೆಳಕು ಬರಂಗಿಲ್ಲ."

ಹನ್ನೆರಡರವರೆಗೆ ಶಂಭುಲಿಂಗ ಬಿಸಿಯಾಗುತ್ತಿದ್ದ ಬಂಡೆಯ ಮೇಲೆ ಕೂತ, ಎದ್ದ, ಮತ್ತೆ ಕೂತ. ಹತ್ತಿರದಲ್ಲಿದ್ದ ರಾಮಾಂಜಿನಿಯ ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳಿದ.

"ಅಲ್ಲಲೇ, ನನ್ ನಂಬರ್ ಯಾಕ ಹಾಕಿದ್ಯೋ?"

"ನೀವ ಬರ್ದಿದ್ರಲ್ರಿ ಸರ್ ಬೋರ್ಡ್ ಮ್ಯಾಲೆ."

"ಅದು ಮಾದರಿಯೋ ಮಾರಾಯ. ಅಲ್ಲಿ ನಿನ್ ನಂಬರ್ ಹಾಕ್ಬೇಕಿತ್ತು."

"ಹೆಸರು, ಚಿತ್ರ ಬದ್ಲಿ ಮಾಡ್ರಿ, ಉಳಿದಿದ್ದು ಒಂದಕ್ಷರ ತಪ್ಪದಂಗ ಬರೀರಿ ಅಂದ್ರಿ. ತೋಟಪ್ಪ ಸರ್ ಮೊದಲ್ನೇ ವರ್ಷ ಇಡೀ ಅವರ ಚಿತ್ರ ನೋಡಿ ಹಂಗಂಗ ಬರಸ್ತಾರ. ಬದ್ಲಿ ಮಾಡು ಅನ್ನೂತನಕ ಗುರುಗಳ ಗೆರಿ ಮುಟ್ಟಬಾರದು. ನಾವು ನಿಮ್ ಗೆರಿ ಹೆಂಗ ತಿದ್ದಾದ್ರಿ ಸರ್?"

ಇಷ್ಟು ಗೌರವವನ್ನು ಶಂಭುಲಿಂಗನಿಗೆ ಈವರೆಗೆ ಯಾರೂ ಕೊಟ್ಟಿರಲಿಲ್ಲ. ಕೊಟ್ಟ ಮೊದಲ ಸಲವೇ ಅದು ಅವನ ಕೊರಳಿಗೆ ಬಂದಿತ್ತು.

ಹನ್ನೆರಡಕ್ಕೆ ಚೀಲ ಬಿಚ್ಚಿತು. ಆಮೇಲಿನ ಒಂದೂವರೆ ತಾಸು ಅವನ ವೈರಿಗೂ ಬೇಡ. ಬಂಡೆಗಳ ಮಧ್ಯೆ ನೆಟ್‌ವರ್ಕ್ ಬರುತ್ತಿರಲಿಲ್ಲ. ಇಪ್ಪತ್ತೆರಡು ಮಂದಿಯನ್ನು ಹಿಂಡುಗಟ್ಟಿ ಮೇಲಿನ ಬಂಡೆಗೆ ಹತ್ತಿಸಿದ. ಬೆರಳೆಲ್ಲ ಬಣ್ಣವಾದ್ದರಿಂದ ಫೋನುಗಳು ಒತ್ತಿದ್ದನ್ನು ಕೇಳಲಿಲ್ಲ. ಎಲ್ಲರ ಕೈಯನ್ನೂ ತನ್ನ ಕರವಸ್ತ್ರದಿಂದ ಒರೆಸಿದ, ಅದು ಸಾಲದಾದಾಗ ಅಂಗಿಯ ತುದಿಯಿಂದ ಒರೆಸಿದ. ಐಶ್ವರ್ಯ ಪಾಸ್‌ವರ್ಡ್ ಮರೆತು ಅಳಲು ಕೂತಳು. ಸುಧಾರಾಣಿ ಬೇಕಾದ ಸಾಲು ಬಿಟ್ಟು ಬೇರೆ ಸಾಲು ಅಳಿಸಿದ್ದರಿಂದ ಅವಳ ಪುಟವಿಡೀ ಒಮ್ಮೆಲೇ ಬಿಳಿಯಾಯಿತು. ನಡುವೆ ಫೋನ್ ಬಂದಾಗಲೆಲ್ಲ ಶಂಭುಲಿಂಗ "ರಾಂಗ್ ನಂಬರ್, ರಾಂಗ್ ನಂಬರ್" ಎಂದು ಜಪ ಮಾಡಿದ. ಅಂತೂ ಒಂದೂವರೆಗೆ ಕೊನೆಯ ಪುಟದಿಂದಲೂ ಅವನ ನಂಬರು ಹೋಗಿ ಅವರವರ ನಂಬರು ಬಂತು. ಸಮಿತಿಯ ಮುಂದೆ ಒದರಬಾರದೆಂದು ಹುಡುಗರು ಆಗಲೇ ಫೋನು ಆಫ್ ಮಾಡಿಟ್ಟರು. ಅವನು ಬಂಡೆಯ ಮೇಲೆ ಅಂಗಾತ ಮಲಗಿಬಿಟ್ಟ.

ಮೂರು ಗಂಟೆಗೆ ಸಮಿತಿ ಬಂತು. ಅಧ್ಯಕ್ಷೆ ಭವ್ಯ ಮೇಡಂ, ಜೊತೆಗೆ ತಲೆಯಾಡಿಸಲು ಇಬ್ಬರು. ಪ್ರಿನ್ಸಿಪಾಲ್ ಮರಿಸ್ವಾಮಿಯವರು ಹೊಸ ಶಾಲು ತರಿಸಿದ್ದರು. ಬಣ್ಣದ ಅಂಗಿಯಲ್ಲೇ ನಿಂತಿದ್ದ ಶಂಭುಲಿಂಗ ಒಂದೊಂದೇ ಪುಟವನ್ನು ಗೋಡೆಯ ಮೇಲೆ ತೋರಿಸಿದ. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಎಲ್ಲವನ್ನೂ ನೋಡಿದರು.

"ಚಂದ ಅದಾವ್ರಿ," ಎಂದರು. ಶಂಭುಲಿಂಗನ ಉಸಿರು ಅರ್ಧ ಕೆಳಗಿಳಿಯಿತು. "ಆದ್ರ ಚಂದ ಇದ್ರ ಸಾಲ್ತೈತೇನು? ಇವನ್ನ ಹೊರಗಿನವ್ರು ನೋಡಿ ಯಾರಾರ ಕೆಲ್ಸ ಕೊಡ್ತೀವಿ ಅಂದಾರೇನು? ಅದಕ್ಕ ಅಲ್ಲೇನು ಈ ಕ್ಲಾಸ್ ಇಟ್ಟಿದ್ದು? ಹೇಳಪ್ಪ, ನಿಂಗ ಒಂದಾರ ಫೋನ್ ಬಂದೈತಾ?"

"ಇಲ್ರಿ ಮೇಡಂ," ಎಂದ ರಾಮಾಂಜಿನಿ.

"ನಿಂಗವ್ವಾ?"

"ಇಲ್ರಿ," ಎಂದಳು ಸುಧಾರಾಣಿ.

ಇಪ್ಪತ್ತೆರಡು ಮಂದಿಯನ್ನೂ ಕೇಳಿದರು. ಇಪ್ಪತ್ತೆರಡು ಸಲ ಇಲ್ಲ ಬಂತು. ತಲೆಯಾಡಿಸುವವರಲ್ಲಿ ಒಬ್ಬರು ತಮ್ಮ ಕಾಗದದ ಮೇಲೆ ಏನೋ ಗೀಚಿ ಪೆನ್ನಿನ ಮುಚ್ಚಳ ಹಾಕಿದರು. ಆ ಮುಚ್ಚಳದ ಸಪ್ಪಳ ಕೇಳಿ ಶಂಭುಲಿಂಗ, ಕ್ಲಾಸು ಹೋಯಿತು ಎಂದುಕೊಂಡ. ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಎಂದು ಜೇಬಿನಿಂದ ಫೋನ್ ತೆಗೆದು ಅಧ್ಯಕ್ಷೆಯ ಮುಂದಿಟ್ಟ.

"ಬಂದಾವ್ರಿ ಮೇಡಂ. ಎಲ್ಲಾ ನನಗ ಬಂದಾವ. ಮುಂಜಾನಿಂದ ಅರವತ್ತೊಂದು. ನನ್ ತಪ್ಪಿನಿಂದ ಎಲ್ಲಾರ ಪುಟದಾಗೂ ನನ್ ನಂಬರ್ ಇತ್ತು. ಮಧ್ಯಾಹ್ನ ತೆಗೆಸಿದೆ. ಬೇಕಾದ್ರ ಯಾರಿಗರ ಹಚ್ಚಿ ಕೇಳ್ರಿ."

ಅಧ್ಯಕ್ಷೆ ನಿಜವಾಗಿಯೂ ಹಚ್ಚಿದರು. ವಡ್ಡುವಿನವರು ಎತ್ತಿದರು. ನವಿಲು ಇನ್ನೂ ಬೇಕು, ಆದರೆ ಬರೆಯುವವರು ಸಿಟ್ಟಿನ ಮನುಷ್ಯ ಕಾಣ್ತಾರ ಎಂದು ಹಿಂಜರಿಕೆ ಎಂದರು. ಇನ್ನಿಬ್ಬರಿಗೆ ಹಚ್ಚಿದರು. ಅವರದೂ ಅದೇ ಕತೆ. ಸಮಿತಿಯವರು ಮೂವರೂ ತಲೆ ಒಂದುಕಡೆ ಸೇರಿಸಿ ಪಿಸುಗುಟ್ಟಿದರು, ಮರಿಸ್ವಾಮಿಯವರನ್ನೂ ಕರೆದರು. ತೋಟಪ್ಪ ಮಾಸ್ತರು ಕರೆಯದಿದ್ದರೂ ಹೋಗಿ ಏನೋ ಹೇಳಿ ಬಂದರು. ಶಂಭುಲಿಂಗ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದ.

"ಒಂದು ದಿನಕ್ಕ ಅರವತ್ತೊಂದು," ಎಂದು ಅಧ್ಯಕ್ಷೆ ನಕ್ಕರು. "ಇಷ್ಟು ನಾವೂ ಅಂದ್ಕೊಂಡಿರ್ಲಿಲ್ರಿ. ಶಂಭುಲಿಂಗ ಅವರ, ನಿಮ್ಮನ್ನ ಮುಂದಿನ ವರ್ಷಕ್ಕೂ ಇಟ್ಕೊಂತೀವಿ."

ಹುಡುಗರು ಚಪ್ಪಾಳೆ ತಟ್ಟಿದರು. ಅವನಿಗೆ ಕಣ್ಣು ತುಂಬಿ ಬಂತು. ಮುಂದಿನ ವರ್ಷ ಬಣ್ಣದ ಕೋಡನ್ನು ಮೊದಲ ವಾರದಲ್ಲೇ ಕಲಿಸಬೇಕು ಎಂದೂ ಒಂದು ಕ್ಷಣ ಯೋಚಿಸಿಬಿಟ್ಟ.

"ಆದ್ರ ಒಂದು ಮಾತು," ಎಂದರು ಅಧ್ಯಕ್ಷೆ. "ತೋಟಪ್ಪ ಮಾಸ್ತರು ಹೇಳೋದು ಖರೆ ಐತಿ. ಬರಿಯಾಗ ಹುಡುಗ್ರು ಫೋನ್ ಎತ್ತಬಾರದು. ಮತ್ತ ಬಂದ ಫೋನಿಗೆ ಯಾರಾರ ಒಬ್ರು ಉತ್ತರ ಕೊಡ್ಬೇಕಲ್ಲ. ನಿಮ್ ನಂಬರ ಚಲೋ ಇತ್ತು, ಅದನ್ನ ತಿರುಗಿ ಹಾಕಸ್ರಿ. ಮುಂಜಾನಿಂದ ಸಂಜಿತನಕ ನೀವು ಆಫೀಸಿನಾಗ ಕುಂತು ಆರ್ಡರ್ ತಗೋರಿ. ಸ್ವಲ್ಪ ಸಮಾಧಾನದಿಂದ ಮಾತಾಡ್ರಿ."

"ಮತ್ತ ಕ್ಲಾಸು ಯಾವಾಗ ಮಾಡ್ಲಿ ಮೇಡಂ?"

"ಕ್ಲಾಸ್ ಯಾಕ ಇನ್ನ? ನಿಮ್ದು ನೋಡಿ ಎಲ್ಲಾರೂ ಹಂಗಂಗ ಬರ್ಕೊಂಡಾರಲ್ಲ, ಎಷ್ಟು ಚಂದ ಬಂದಾವ. ಬರೋ ವರ್ಷದವ್ರು ಇವ್ರದು ನೋಡಿ ಬರ್ಕೊಂತಾರ. ಆ ಕಂಪ್ಯೂಟರ್ ರೂಮು ದುರುಗಣ್ಣ ಅವ್ರು ಜೇಡಿ ಇಡಾಕ ಕೇಳ್ಯಾರ, ಅವ್ರಿಗೆ ಕೊಡಾಣ."

ಶಂಭುಲಿಂಗ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮರಿಸ್ವಾಮಿಯವರು ಅವನ ಹೆಗಲಿಗೆ ಶಾಲು ಹಾಕಿಬಿಟ್ಟರು, ಫೋಟೊ ತೆಗೆಸಿದರು.

"ನಂಬರ್ ಬದ್ಲಿ ಮಾಡ್ಲೇನ್ರಿ ಸರ್?" ಎಂದು ರಾಮಾಂಜಿನಿ ಕೇಳಿದ.

ಶಂಭುಲಿಂಗ ಹೂಂ ಎಂದು ತಲೆಯಾಡಿಸಿದ. ಹುಡುಗರು ಫೋನ್ ತೆಗೆದರು. ಯಾರೂ ಪಾಸ್‌ವರ್ಡ್ ಮರೆಯಲಿಲ್ಲ, ಯಾರೂ ಬೇರೆ ಸಾಲು ಅಳಿಸಲಿಲ್ಲ, ಅವನನ್ನು ಒಂದು ಮಾತೂ ಕೇಳಲಿಲ್ಲ. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ತಿದ್ದಿ ಕಲಿಸಲು ಎಲ್ಲಾದರೂ ಒಂದು ತಪ್ಪು ಸಿಕ್ಕೀತೇ ಎಂದು ಶಂಭುಲಿಂಗ ಇಪ್ಪತ್ತೆರಡು ಪುಟಗಳನ್ನೂ ತೆರೆದು ಹುಡುಕಿದ. ಒಂದೂ ಸಿಗಲಿಲ್ಲ.