ಘೋಡಗೇರಿ ಯಾವ ಚಹಾ ಕುಡಿಯುತ್ತದೆ

ಕಬ್ಬು ಕಡಿಯುವ ಹಂಗಾಮು, ಗುರುವಾರ ಬೆಳಗಿನ ಏಳರ ಚಳಿ. ಮೂಡಲಗಿಯ ಬಾಳೇಶ ಘೋಡಗೇರಿಯಲ್ಲಿ ಬಸ್ಸಿಳಿದಾಗ ಚೀಲದಲ್ಲಿದ್ದದ್ದು ಕಂಪನಿಯ ಹೊಸ ಚಹಾಪುಡಿಯ ಒಂದೇ ಪಾಕೀಟು, ಮಾದರಿಗೆಂದು ಕೊಟ್ಟದ್ದು.

ಊರವರು ಯಾವ ಚಹಾ ಕುಡಿಯುತ್ತಾರೆಂದು ಮೂರು ರೀತಿ ಕೇಳಬೇಕು. ಯಾವ ರೀತಿ ಕೇಳಿದರೆ ಖರೆ ಹೊರಬೀಳುತ್ತದೆಂದು ಗೋಕಾಕದ ಸಾಹೇಬರಿಗೆ ತಿಳಿಸಬೇಕು. ಸರಿಹೋದರೆ ನೌಕರಿ ಕಾಯಂ, ಇಲ್ಲದಿದ್ದರೆ ಮತ್ತೆ ಅಪ್ಪನ ಎಮ್ಮೆ.

ಮೊದಲು ಫೋನು. "ಗಾಡಿ ತುಂಬಾಕತ್ತೇವಿ, ಇಡೋ" ಎಂದವರೇ ಹೆಚ್ಚು. ಒಬ್ಬಳು, "ಮೊದಲ ಚಹಾ ಕೇಳ್ತೀರಿ, ಆಮ್ಯಾಲ ಓಟಿಪಿ ಕೇಳ್ತೀರಿ. ಗೊತ್ತೈತಿ" ಎಂದು ಇಟ್ಟೇಬಿಟ್ಟಳು.

ಎರಡನೆಯದು ಗುಂಪು ಕೂಡಿಸಿ ಕೇಳುವುದು. ಹನ್ನೆರಡು ಮಂದಿ ಕಟ್ಟೆಗೆ ಬಂದರು. ಹಿರಿಯ ದುರ್ಗಪ್ಪ, "ನಾ ಚಹಾ ಬಿಟ್ಟು ಹತ್ತ ವರ್ಷ ಆತು ನೋಡಪಾ" ಎಂದ. ದೊಡ್ಡವನ ಮಾತು ಮೀರುವುದುಂಟೇ? ಉಳಿದ ಹನ್ನೊಂದು ಮಂದಿಯೂ ಬಿಟ್ಟೇವೆಂದರು, ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡೇ.

ಉಳಿದದ್ದು ಮನೆಮನೆಗೆ ಹೋಗಿ ಕೇಳಿ, ಅಡಿಗೆಮನೆಯ ಪುಡಿಯ ಫೋಟೋ ಕಳಿಸುವುದು. ಕಟ್ಟೆಯ ಎದುರಿನ ಭರಮವ್ವನಿಗೆ ಅವನ ಬಾಡಿದ ಮುಖ ನೋಡಿ ಕರುಳು ಚುರ್ ಎಂದಿತು.

"ಇದರಾಗ ನನ್ನ ನೌಕರಿ ಐತ್ರಿ ಯವ್ವಾ" ಎಂದು ಬಾಳೇಶ ಮಾದರಿ ಪಾಕೀಟನ್ನು ಅವಳಿಗೇ ಕೊಟ್ಟ. ಪಲ್ಯಕ್ಕೆ ಅರಿಶಿನ ಹಾಕುತ್ತಿದ್ದ ಕೈಯಿಂದಲೇ ತೆಗೆದುಕೊಂಡಳು.

"ಚಿಂತಿ ಮಾಡಬ್ಯಾಡ ತಮ್ಮಾ. ಸಾವಕಾಶ ಹೋಗು."

ಬಾಜೂ ಮನೆಯ ನಂದಾ ಅವನ ಕಂಪನಿಯದೇ ಚಹಾ ಕೊಟ್ಟಳು, ಪಾಕೀಟಿನ ಫೋಟೋ ಹೊಡೆಯಲೂ ಬಿಟ್ಟಳು. ಅದರ ಮುಂದಿನ ಮನೆಯಲ್ಲೂ ಅದೇ.

"ನೀವೂ ಇದನ್ನ ತರ್ತೀರೇನ್ರಿ ಅಕ್ಕಾರ?"

"ಮೊದಲಿಂದ ಇದ ನೋಡ್ರಿ."

ಹೋದ ವಾರ ಅಂಗಡಿಗೆ ಬಂದ ಪುಡಿ ಮೊದಲಿಂದ ಹೇಗೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಬಿಸಿ ಚಹಾದ ಬಸಿ ಕೈಗೆ ಬಂದಿರುತ್ತಿತ್ತು. ಹಿತ್ತಲ ಬಾಗಿಲುಗಳು ಕಿರುಗುಡುತ್ತಲೇ ಇದ್ದವು. ಇಪ್ಪತ್ತೆರಡನೆಯ ಮನೆ ಮುಗಿದಾಗ ಬಾಳೇಶನ ಹೊಟ್ಟೆ ತುಂಬಿದ ಕೊಡದಂತೆ ಕುಲುಕುತ್ತಿತ್ತು, ಮನಸ್ಸು ಮಾತ್ರ ಕಾಯಂ ನೌಕರಿಯ ಕುರ್ಚಿಯಲ್ಲಿ ಕೂತಿತ್ತು.

ಸಂಜೆ ಭರಮವ್ವನ ಬಾಗಿಲಲ್ಲಿ ಕೂತಿದ್ದಾಗ ಗೋಕಾಕದಿಂದ ಸಾಹೇಬ ಶಿವಾನಂದರ ಫೋನು ಬಂತು.

"ಬಾಳೇಶ, ಇಪ್ಪತ್ತೆರಡೂ ಪಾಕೀಟಿನ ಮ್ಯಾಲ ಒಂದ ಅರಿಶಿನದ ಹೆಬ್ಬೆಟ್ಟು ಹೆಂಗ ಬಂತು? ಫೋಟೋದಿಂದ ಫೋಟೋಕ್ಕ ಪುಡಿ ಬ್ಯಾರೆ ಕಡಿಮಿ ಆಕ್ಕೋತ ಹೊಂಟೈತಿ. ಒಂದ ಪಾಕೀಟು ಇಟ್ಕೊಂಡು ಕುಂತಲ್ಲೇ ಎಲ್ಲಾ ಫೋಟೋ ಹೊಡದಿ ಏನು?"

ಬಾಳೇಶ ಭರಮವ್ವನ ಹೆಬ್ಬೆಟ್ಟು ನೋಡಿದ. ಹಳದಿ. ಅವನು ಪ್ರತಿ ಮನೆಯ ಮುಂಬಾಗಿಲಿಗೆ ಬರುವ ಮೊದಲೇ ಅವಳ ಕೈಯ ಅದೇ ಪಾಕೀಟು ಹಿತ್ತಲಿನಿಂದ ಒಳಗೆ ಬಂದಿರುತ್ತಿತ್ತು. ಫೋನನ್ನು ಅವಳ ಕಿವಿಗೆ ಹಿಡಿದು, "ಖರೆ ಹೇಳ್ರಿ ಯವ್ವಾ" ಎಂದ.

ಮನೆಗೆ ಬಂದವನ ಪುಡಿ ತಮ್ಮಲ್ಲಿಲ್ಲವೆಂದು, ಅದೂ ಅವನ ಸಾಹೇಬರಿಗೆ, ಯಾರು ಹೇಳಿಯಾರು?

"ಎಲ್ಲಾರ ಮನ್ಯಾಗೂ ಅದ ಪುಡಿ ಐತ್ರಿ ಸಾಹೇಬ್ರ" ಎಂದಳು. ಹಿಂದೆ ನಿಂತ ಓಣಿಯೆಲ್ಲ, "ಹೌದ್ರಿ" ಎಂದಿತು.

ಬಾಳೇಶ ಫೋನನ್ನು ತನ್ನ ಕಿವಿಗೆ ತಂದ. "ಸಾಕ್ಷಿನೂ ತಯಾರ ಮಾಡಿ ಅನ್ನು. ನಾಳಿಂದ ಬರಬ್ಯಾಡ."

ರಾತ್ರಿ ಭರಮವ್ವನ ಮನೆಯಲ್ಲೇ ಉಂಡು ಮಲಗಿದ. ಬೆಳಿಗ್ಗೆ ಅವಳು ಬಸ್ಸಿನವರೆಗೂ ಬಂದು ಪಾಕೀಟನ್ನು ಅವನ ಚೀಲಕ್ಕೆ ತುರುಕಿದಳು.

"ತಳದಾಗ ಇನ್ನೂ ಚೂರ ಐತಿ, ಒಯ್ಯಿ ತಮ್ಮಾ. ನಮ್ಮೂರಾಗ ಯಾರೂ ಇದನ್ನ ಕುಡಿಯಂಗಿಲ್ಲ."

ಮೂರು ರೀತಿ ಕೇಳಿದರೂ ಸಿಗದ ಉತ್ತರ ಅದು, ಕೇಳದೆಯೇ ಸಿಕ್ಕಿತು. ಶುಕ್ರವಾರ ಎಂಟೂವರೆಯ ಬಸ್ಸಿಗೆ ಬಾಳೇಶ ಎಮ್ಮೆ ಮೇಯಿಸಲು ಮೂಡಲಗಿಗೆ ಹೋದ.