ನಾಗರಾಜು ಕೊಳ್ಳದ ಸೈಟು

ಆ ಶನಿವಾರದ ಅನಾಹುತಕ್ಕೆಲ್ಲ ಮೂಲ ಒಂದು ನೀಲಿ ಫೈಲು. ಅದನ್ನು ಚೀಲದೊಳಗೆ ಹಾಕಿಕೊಂಡು ಹೊರಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಸ್ಟೋರ್ ಕೀಪರ್ ಆಗಿದ್ದ ನಾಗರಾಜುವಿಗೆ ಕಾಗದಪತ್ರಗಳನ್ನು ಕಂಕುಳಲ್ಲೇ ಇಟ್ಟುಕೊಂಡು ನಡೆಯುವ ಅಭ್ಯಾಸ.

ಫೈಲಿನಲ್ಲಿದ್ದದ್ದು ಮಗಳು ಅನುವಿನ ಎರಡು ತಿಂಗಳ ಚರಿತ್ರೆ. ಹತ್ತನೆಯ ತರಗತಿಯ ಹುಡುಗಿ. ಬೆಳಿಗ್ಗೆ ಯೂನಿಫಾರಂ ತೊಟ್ಟೊಡನೆ ಅವಳ ಹೊಟ್ಟೆ ಹಿಂಡುತ್ತಿತ್ತು, ಕೈ ನಡುಗುತ್ತಿತ್ತು. ಶಾಲೆಯ ಗೇಟಿನ ಬಳಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಗ್ಯಾಸಿನ ಮಾತ್ರೆ, ಕೊನೆಗೆ ಒಂದು ತಾಯಿತವೂ ಆದ ಮೇಲೆ ಮಕ್ಕಳ ಡಾಕ್ಟರು ಮೆಲ್ಲಗೆ ಹೇಳಿದ್ದರು: "ಹೊಟ್ಟೇಲಿ ಏನೂ ಇಲ್ಲ ಸಾರ್. ಒಂದ್ಸಲ ಕೌನ್ಸೆಲರ್ ಹತ್ರ ಕರ್ಕೊಂಡ್ ಹೋಗಿ."

ಕೆಂಗೇರಿ ಉಪನಗರದಲ್ಲಿ ಮಕ್ಕಳಿಗೆಂದೇ ಇದ್ದ ಆಪ್ತಸಮಾಲೋಚನಾ ಕೇಂದ್ರವೊಂದರಲ್ಲಿ ಐದು ವಾರ ಕಾದ ಮೇಲೆ ಸಿಕ್ಕಿದ ಸಮಯ, ಆ ಶನಿವಾರ ಹನ್ನೊಂದೂವರೆ. ಹತ್ತು ನಿಮಿಷ ತಡವಾದರೆ ಸರದಿ ಮುಂದಿನ ಮಗುವಿಗೆ ಹೋಗುತ್ತದೆ. ಮತ್ತೆ ಐದು ವಾರ ಕಾಯಬೇಕು. ಮಗಳು ಹೊತ್ತಿಗೆ ಸರಿಯಾಗಿ ಅಲ್ಲಿರಬೇಕು ಎಂಬುದು ನಾಗರಾಜುವಿನ ಒಂದು ಆಸೆ. ಅವಳು ಅಲ್ಲಿಗೆ ಹೋದದ್ದು ತಾವಿದ್ದ ಅತ್ತಿಗುಪ್ಪೆಯ ಒಂದು ನೊಣಕ್ಕೂ ತಿಳಿಯಬಾರದು ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದೆಂದು ಅವನು ತನ್ನನ್ನೇ ಕೇಳಿಕೊಂಡಿರಲಿಲ್ಲ.

ಹತ್ತೂವರೆಗೆ ಹೆಂಡತಿ ಲತಾ, ಮಗಳು ಅನು ಮತ್ತು ಫೈಲಿನೊಡನೆ ಅವನು ಮೆಟ್ಟಿಲಿಳಿದಾಗ ಮನೆಯ ಮಾಲೀಕ ಕೆಂಪಯ್ಯ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಆ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ಅಜ್ಜನ ರಾಗಿ ಹೊಲ. ಹೀಗಾಗಿ ಊರಿನ ಯಾವ ಮೂಲೆಯ ಜಮೀನನ್ನಾದರೂ ಅವರು ದೂರದ ನೆಂಟನನ್ನು ವಿಚಾರಿಸಿದಂತೆ ವಿಚಾರಿಸುತ್ತಿದ್ದರು.

"ಏನ್ ನಾಗರಾಜು, ಮನೆಯವರೆಲ್ಲ ಹೊರಟ್ರಿ? ಎತ್ಲಾಗೆ?"

"ಕೆಂಗೇರಿ ಕಡೆ, ಯಜಮಾನ್ರೆ."

ಕೆಂಪಯ್ಯನವರ ಕಣ್ಣು ಕಂಕುಳಿಗೆ ಇಳಿಯಿತು. "ಫೈಲ್ ಬೇರೆ ಹಿಡ್ಕೊಂಡಿದೀಯ. ಸೈಟಾ?"

ನಾಗರಾಜು ಸುಳ್ಳು ಹೇಳಲಿಲ್ಲ. ಸುಮ್ಮನೆ ತಲೆಯಾಡಿಸಿದ. ಆದರೆ ಬೆಂಗಳೂರಿನಲ್ಲಿ ಸೈಟಿನ ವಿಷಯಕ್ಕೆ ತಲೆಯಾಡಿಸಿದವನು ಒಂಟಿಯಾಗಿ ಹೊರಡುವುದುಂಟೆ?

"ಲೇ ಇವಳೇ, ಚಪ್ಪಲಿ ಮೆಟ್ಕೊ! ನಾಗರಾಜು ಸೈಟ್ ನೋಡಕ್ಕೆ ಹೊರಟವ್ನೆ!"

ಎರಡೇ ನಿಮಿಷದಲ್ಲಿ ಕೆಂಪಯ್ಯ ನಾಗರಾಜುವಿನ ಕಾರಿನ ಮುಂದಿನ ಸೀಟಿನಲ್ಲಿದ್ದರು. ಅವರ ಹೆಂಡತಿ ವೆಂಕಟಲಕ್ಷ್ಮಮ್ಮ ನಿಂಬೆಹಣ್ಣು, ಅರಿಶಿನ ಕುಂಕುಮದ ಡಬ್ಬಿ ಹಿಡಿದು ಹಿಂದಿನ ಸೀಟಿನಲ್ಲಿ ಅನುವಿನ ಪಕ್ಕ ಕುಳಿತರು. ಅಷ್ಟರಲ್ಲಿ ಮೇಲಿನ ಮಹಡಿಯಿಂದ ದೇವೇಂದ್ರಪ್ಪ ಇಣುಕಿದ. ರಾಯಚೂರಿನ ಕಡೆಯಿಂದ ಬಂದು ವರ್ಷವಾಗಿದ್ದ ಅವನಿಗೆ ವಾಸ್ತು ಎಂದರೆ ಪ್ರಾಣ.

"ದಿಕ್ಕು ನೋಡದ ಹ್ಯಾಂಗ್ ತಗೋತೀರಿ ಸರ್ರ? ಮೊಬೈಲ್‌ನ್ಯಾಗ ದಿಕ್ಸೂಚಿ ಅದ. ತಡೀರಿ, ಗಾಡಿ ತಗೊಂಡ್ ಬರ್ತೀನಿ!"

ಮೈಸೂರು ರಸ್ತೆಗೆ ಇಳಿದೊಡನೆ ನಾಗರಾಜು ವೇಗ ಹೆಚ್ಚಿಸಿ, ಹಿಂದೆ ಬರುತ್ತಿದ್ದ ದೇವೇಂದ್ರಪ್ಪನ ಸ್ಕೂಟರನ್ನಾದರೂ ತಪ್ಪಿಸಿಕೊಳ್ಳಲು ನೋಡಿದ. ನಾಯಂಡಹಳ್ಳಿಯ ಸಿಗ್ನಲ್ಲಿನಲ್ಲಿ ಕಾರು ಸಿಕ್ಕಿಬಿದ್ದಾಗ ದೇವೇಂದ್ರಪ್ಪ ಸಂದಿಗೊಂದಿಗಳಲ್ಲಿ ನುಸುಳಿ ಮುಂದೆ ಹೋಗಿ, ದಿಬ್ಬಣದ ಮುಂದಿನ ವಾಲಗದವನಂತೆ ಕತ್ತು ಹೊರಳಿಸಿ ಕೈಬೀಸುತ್ತ ನಿಂತಿದ್ದ.

"ಎಲ್ಲಿ, ಫೈಲ್ ಕೊಡು. ಮೂಲ ಪತ್ರ ಐತಾ ನೋಡಾಣ," ಎಂದರು ಕೆಂಪಯ್ಯ.

ಕಾರು ಹತ್ತುವಾಗ ಗಂಡ ಕೈಗಿತ್ತಿದ್ದ ಫೈಲನ್ನು ಲತಾ ಮೆಲ್ಲಗೆ ಸೀಟಿನ ಮೇಲಿಟ್ಟು ಅದರ ಮೇಲೆ ಕುಳಿತಳು. "ಅಲ್ಲೋದ್ಮೇಲೆ ನೋಡಿ ಯಜಮಾನ್ರೆ. ಕಾರಲ್ಲಿ ಓದಿದ್ರೆ ತಲೆ ಸುತ್ತುತ್ತೆ."

ಅನು ಕುರ್ತಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ವೆಂಕಟಲಕ್ಷ್ಮಮ್ಮ ಸೇರಿಗೆ ಅವರೆಕಾಳು ಎಷ್ಟಾಗಿದೆ ಎಂದು ಲತಾಳಿಗೆ ಹೇಳುತ್ತಲೇ ಆ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ಏನೆಂದೂ ಕೇಳಲಿಲ್ಲ. ಕನ್ನಡಿಯಲ್ಲಿ ಅದನ್ನು ಕಂಡ ನಾಗರಾಜು ಕಣ್ಣನ್ನು ರಸ್ತೆಗೆ ತಿರುಗಿಸಿದ.

ಉಪನಗರ ತಲುಪಿದಾಗ ಹನ್ನೊಂದು ದಾಟಿತ್ತು. ಕೇಂದ್ರ ಇನ್ನೆರಡು ಬೀದಿ ಆಚೆ. ಒಂದು ಖಾಲಿ ಜಾಗ ತೋರಿಸಿ, ಇವರನ್ನು ಅಲ್ಲೇ ಮಾತಿಗೆ ಬಿಟ್ಟು, ತಾಯಿ ಮಗಳನ್ನು ನಡೆಸಿ ಕಳಿಸುವುದು ನಾಗರಾಜುವಿನ ಉಪಾಯ. ಪಾರ್ಥೇನಿಯಂ ಬೆಳೆದ ಒಂದು ಜಾಗ ಕಂಡದ್ದೇ ಬ್ರೇಕು ಹಾಕಿದ.

ಕೆಂಪಯ್ಯ ಇಳಿದು ಒಂದು ಚಿಟಿಕೆ ಮಣ್ಣು ತೆಗೆದು, ಅಂಗಡಿಯಲ್ಲಿ ಕಾಫಿಪುಡಿ ಮೂಸುವವರಂತೆ ಮೂಸಿದರು. "ಕೆಂಪು ಮಣ್ಣು. ಪಾಯಕ್ಕೆ ಚೆಂದ."

"ಈಶಾನ್ಯದಾಗ ಟ್ರಾನ್ಸ್‌ಫಾರ್ಮರ್ ಅದಲ್ರಿ!" ದೇವೇಂದ್ರಪ್ಪ ಮೊಬೈಲು ಹಿಡಿದು ಸುತ್ತು ಹಾಕುತ್ತಿದ್ದ. "ನನಗ್ಯಾಕೋ ಸರಿ ಕಾಣಸಂಗಿಲ್ಲ."

"ಮೊದ್ಲು ಮನೆ ಮಗಳು ನಿಂತ್ಕೊಳ್ಲಿ ಕಣ್ರೀ. ಬಾ ಪುಟ್ಟಿ, ಬಲಗಾಲು ಇಡು," ಎಂದು ವೆಂಕಟಲಕ್ಷ್ಮಮ್ಮ ಅನುವನ್ನು ಗಿಡಗಳ ನಡುವೆ ನಿಲ್ಲಿಸಿಯೇಬಿಟ್ಟರು. ಹನ್ನೊಂದು ಹದಿನೈದು. ನಾಗರಾಜುವಿನ ಮುಖ ನೀರು ಹೆಚ್ಚಾದ ಮುದ್ದೆಯಂತೆ ಇಳಿಯತೊಡಗಿತು.

ಎದುರು ಮನೆಯ ಹೆಂಗಸು ಬಾಲ್ಕನಿಗೆ ಬಂದಳು. "ಯಾರ್ರೀ ಅದು? ಪಾರ್ಕಿಗೆ ಬಿಟ್ಟಿರೋ ಜಾಗದಲ್ಲಿ ನಿಂಬೆಹಣ್ಣು ಗಿಂಬೆಹಣ್ಣು ಇಡ್ಬೇಡಿ!"

"ಪಾರ್ಕಾ?" ಕೆಂಪಯ್ಯನವರ ಕೈಯಿಂದ ಮಣ್ಣು ಉದುರಿತು. "ನಾಗರಾಜು! ನಿಂಗೆ ಪಾರ್ಕ್ ಮಾರ್ತಾವ್ರಲ್ಲೋ! ಯಾವನವ್ನು ಬ್ರೋಕರ್? ಕಾರು ಹತ್ತು, ನಡಿ ಪೊಲೀಸ್ ಸ್ಟೇಷನ್ಗೆ!"

"ಬೇಡಿ ಯಜಮಾನ್ರೆ, ಆಮೇಲೆ..."

"ಆಮೇಲೇನು ಆಮೇಲೆ! ಕೊಡಮ್ಮ ಆ ಫೈಲು." ಲತಾ ತಡೆಯುವ ಮೊದಲೇ ಅವರು ಅದನ್ನು ಕಸಿದು ತೆರೆದರು. ಮೊದಲ ಹಾಳೆಯನ್ನು ದೂರ ಹಿಡಿದರು, ಹತ್ತಿರ ತಂದರು, ತಲೆಕೆಳಗು ಮಾಡಿದರು. "ಇದೆಂಥ ನಕ್ಷೆ ಬರ್ದವ್ನೆ? ಎಲ್ಲಾ ಕರ‍್ರಗೈತೆ. ಉದ್ದ ಎಲ್ಲಿ, ಅಗಲ ಎಲ್ಲಿ?"

"ತಾತ, ಅದು ನನ್ನ ಹೊಟ್ಟೆ."

ಎಲ್ಲರೂ ತಿರುಗಿದರು. ಗಿಡಗಳ ನಡುವೆ ನಿಂತಿದ್ದ ಅನುವಿನ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ.

"ಸೈಟ್ ಇಲ್ಲ ತಾತ. ನಂಗೆ ಸ್ಕೂಲಿಗೆ ಹೋಗ್ಬೇಕಂದ್ರೆ ಭಯ ಆಗುತ್ತೆ. ಉಸಿರೇ ಬರಲ್ಲ. ಹನ್ನೊಂದೂವರೆಗೆ ಕೌನ್ಸೆಲರ್ ಹತ್ರ ಹೋಗ್ಬೇಕು. ಅಪ್ಪಂಗೆ ನಾಚ್ಕೆ, ಅದಕ್ಕೆ ಹೇಳಿಲ್ಲ."

ದೇವೇಂದ್ರಪ್ಪ ಮೊಬೈಲನ್ನು ಜೇಬಿಗಿಳಿಸಿದ. ಕೆಂಪಯ್ಯ ಆ ಕಪ್ಪು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಫೈಲಿನೊಳಗೆ ಮರಳಿ ಇಟ್ಟರು. ವೆಂಕಟಲಕ್ಷ್ಮಮ್ಮ ಮಾತ್ರ ಗಡಿಯಾರ ನೋಡಿದರು. "ಹನ್ನೊಂದೂ ಇಪ್ಪತ್ತೈದು! ಏನ್ ಬಾಯಿ ಬಿಟ್ಕೊಂಡ್ ನಿಂತಿದೀರಾ? ಹತ್ರಿ ಕಾರು!"

ಹನ್ನೊಂದೂವರೆಗೆ ಒಂದು ನಿಮಿಷವಿರುವಾಗ ಅನು ಕೇಂದ್ರದ ಬಾಗಿಲು ದಾಟಿದಳು. ಹೊರಗಿನ ಬೆಂಚಿನ ಮೇಲೆ ಕೆಂಪಯ್ಯ ಬೆರಳಿಗಂಟಿದ್ದ ಕೆಂಪು ಮಣ್ಣನ್ನು ಉಜ್ಜುತ್ತ ಕುಳಿತರು. ಆಮೇಲೆ ನಾಗರಾಜುವಿನ ಕಡೆ ತಿರುಗದೆಯೇ ಹೇಳಿದರು: "ನಮ್ಮ ರೇವಂತ್ ಒಂದು ವರ್ಷ ರೂಮ್ ಬಿಟ್ಟು ಆಚೆಗೇ ಬರ್ಲಿಲ್ಲ ಕಣಯ್ಯ. ಮೊಮ್ಮಗ ಮೈಸೂರಲ್ಲಿ ಕ್ರಿಕೆಟ್ ಕೋಚಿಂಗ್ ಸೇರವ್ನೆ ಅಂತ ಊರಿಗೆಲ್ಲ ಹೇಳಿದ್ದೆ. ನನಗ್ಯಾರೂ ಇರ್ಲಿಲ್ಲ ಆವಾಗ." ಅವರು ಎದ್ದು ಪಂಚೆ ಕೊಡವಿದರು. "ನಿನಗೆ ನಾನಿದೀನಿ. ಮಗು ಆಚೆ ಬಂದಾಗ ನಾವೆಲ್ಲ ಇರೋದು ಬೇಡ, ಸಂಕೋಚ ಪಟ್ಕೊಳ್ತದೆ. ಮೆಟ್ರೋದಲ್ಲಿ ಹೋಗ್ತೀವಿ. ನೀನು ಯೋಚ್ನೆ ಬಿಡು."

ಮುಕ್ಕಾಲು ಗಂಟೆಯ ಮೇಲೆ ತಂದೆತಾಯಿಯನ್ನು ಒಳಗೆ ಕರೆದರು. ಸಮಾಲೋಚಕಿ ನೀಲಾಂಬಿಕಾ ನಿಧಾನವಾಗಿ ಮಾತಾಡುವ ಹೆಂಗಸು.

"ಅನು ತುಂಬಾ ಚೆನ್ನಾಗಿ ಮಾತಾಡಿದ್ಲು. ಇದು ಸರಿಹೋಗುತ್ತೆ, ಒಂದೇ ದಿನಕ್ಕಲ್ಲ. ಇನ್ಮೇಲೆ ಪ್ರತಿ ಶನಿವಾರ ಇದೇ ಹೊತ್ತು ಅವಳಿಗೆ ಇಟ್ಟಿರ್ತೀವಿ. ಆದ್ರೆ ಮನೇಲಿ ಇದನ್ನ ಬಚ್ಚಿಡೋದು ನೋಡಿ, ತಾನೇನೋ ತಪ್ಪು ಮಾಡಿದೀನಿ ಅಂತ ಅವಳಿಗೆ ಅನ್ಸಿದೆ. ಅದಕ್ಕೆ ಸಾರ್, ಈ ವಾರ ಹೋಂವರ್ಕ್ ಅವಳಿಗಲ್ಲ, ನಿಮಗೆ. ಒಬ್ಬರಿಗಾದ್ರೂ ನಿಜ ಹೇಳಿ. ಮಗಳ ಮುಂದೆಯೇ ಹೇಳಿ."

ನಾಗರಾಜು ತಲೆಯಾಡಿಸಿದ. ಈ ಸಲ ಮನಸ್ಸಿನಿಂದ. ಹಿಂದಿರುಗುವ ದಾರಿಯುದ್ದಕ್ಕೂ ಅವನು ಹೇಳಬೇಕಾದ ಆ ಒಂದು ವಾಕ್ಯವನ್ನು ಮಗ್ಗಿಯಂತೆ ಒಳಗೊಳಗೇ ಉರುಹೊಡೆದ. ಬೀದಿಯ ತಿರುವಿನಲ್ಲಿ ಇಸ್ತ್ರಿ ಗಾಡಿಯ ಶ್ರೀಶೈಲ ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿದ.

"ಕಂಗ್ರಾಟ್ಸ್ ಸಾರ್! ಕೆಂಗೇರೀಲಿ ಥರ್ಟಿ ಫಾರ್ಟಿ ಸೈಟ್ ಅಂತೆ! ಸ್ವೀಟ್ ಎಲ್ಲಿ?"

ನಾಗರಾಜು ಗಂಟಲು ಸರಿಮಾಡಿಕೊಂಡ. "ಸೈಟಲ್ಲ ಕಣಪ್ಪ. ಮಗಳನ್ನ ಕೌನ್ಸೆಲಿಂಗ್‌ಗೆ ಕರ್ಕೊಂಡ್ ಹೋಗಿದ್ದೆ."

ಶ್ರೀಶೈಲ ಕಣ್ಣು ಮಿಟುಕಿಸಿದ. "ಕಣ್ಣಾಗುತ್ತೆ ಅಂತ ತಾನೇ? ಆಯ್ತು ಬಿಡಿ ಸಾರ್, ನಾನ್ಯಾರಿಗೂ ಹೇಳಲ್ಲ."

ಗೇಟಿನಲ್ಲಿ ಕೆಂಪಯ್ಯ ಗೆದ್ದ ಪೈಲ್ವಾನನಂತೆ ನಿಂತಿದ್ದರು. ದನಿ ತಗ್ಗಿಸಿ ಹೇಳಿದರು: "ಎಲ್ಲಾ ಮುಗಿಸಿದೀನಿ. ಬೀದೀಲಿ ಒಂದು ಮನೆ ಬಿಟ್ಟಿಲ್ಲ. ಮೂವತ್ತು ನಲವತ್ತು, ಪೂರ್ವಕ್ಕೆ ಬಾಗ್ಲು, ಕಾರ್ನರ್. ದಿಕ್ಕಿಗೆ ದೇವೇಂದ್ರಪ್ಪ ಸಾಕ್ಷಿ. ಮಗು ಸುದ್ದಿ ಒಬ್ಬರ ಬಾಯಲ್ಲೂ ಬರಲ್ಲ. ಇಂಥದ್ದು ಒಂದೇ ದಿನಕ್ಕೆ ಮುಗಿಯಲ್ಲ, ಮುಂದಿನ ಶನಿವಾರಾನೂ ನಾವು ಮೂರೂ ಜನ ಜೊತೆಗೇ ಬರ್ತೀವಿ, ಇಲ್ದಿದ್ರೆ ಅನುಮಾನ ಬರ್ತದೆ."

ಅವರ ಮುಖದಲ್ಲಿದ್ದ ಸಂತೋಷವನ್ನು ಕಂಡು ನಾಗರಾಜುವಿಗೆ ಸಿಟ್ಟು ಮಾಡಲೂ ಆಗಲಿಲ್ಲ. ಮನೆಯೊಳಗೆ ಕಾಲಿಟ್ಟಾಗ ಫೋನು ಬಡಿದುಕೊಳ್ಳುತ್ತಿತ್ತು. ಬಸವೇಶ್ವರನಗರದಲ್ಲಿ ಅಣ್ಣ ಸಂಪತ್‌ನ ಮನೆಯಲ್ಲಿದ್ದ ತಾಯಿ ಅಕ್ಕಯ್ಯಮ್ಮ. ಅನು ಎದುರಿಗೇ ನಿಂತಿದ್ದಳು. ಅವನು ಸ್ಪೀಕರ್ ಹಾಕಿದ.

"ಸೈಟ್ ತಗೊಂಡ್ಯಂತೆ! ವೆಂಕಟಲಕ್ಷ್ಮಮ್ಮ ಫೋನ್ ಮಾಡಿ ಹೇಳ್ಬೇಕಾಯ್ತು. ಹೆತ್ತೋಳಿಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವೇನೋ?"

"ಅಮ್ಮ, ಸೈಟೂ ಇಲ್ಲ, ಏನೂ ಇಲ್ಲ. ಅನೂಗೆ ಮನಸ್ಸಿಗೆ ಹುಷಾರಿರ್ಲಿಲ್ಲ. ಕೌನ್ಸೆಲರ್ ಹತ್ರ ಹೋಗಿದ್ವಿ."

ಆ ಕಡೆ ಸದ್ದಿಲ್ಲ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ನಾಗರಾಜುವಿನ ಎದೆ ಹಗುರವಾಯಿತು. ಅದು ಮೂರು ಸೆಕೆಂಡು ಹಗುರವಾಗಿತ್ತು. ಆಮೇಲೆ ಬಿಕ್ಕುವ ಸದ್ದು ಕೇಳಿತು.

"ಅಣ್ಣ ಏನನ್ಕೋತಾನೋ ಅಂತ ಸೈಟ್ ಬಚ್ಚಿಟ್ಟೆ, ಇರ್ಲಿ. ಅದಕ್ಕೋಸ್ಕರ ಬಂಗಾರದಂಥ ಮಗೂಗೆ ತಲೆ ಸರಿಯಿಲ್ಲ ಅಂತೀಯಲ್ಲೋ, ನಾಲಿಗೆ ಹೆಂಗ್ ಬಂತೋ?"

ಅನು ಮುಂದೆ ಬಾಗಿದಳು. "ಅಜ್ಜಿ, ಅಪ್ಪ ಹೇಳಿದ್ದು ನಿಜ. ನಾನೇ ಹೋಗಿದ್ದೆ. ಮುಂದಿನ ಶನಿವಾರಾನೂ ಹೋಗ್ತೀನಿ."

"ಅಯ್ಯೋ ಶಿವನೇ, ಮಗೂಗೂ ಹೇಳ್ಕೊಟ್ಟವ್ನೆ! ಶನಿವಾರ ತಾನೇ? ನಾನೂ ನಿನ್ ದೊಡ್ಡಪ್ಪಾನೂ ಬರ್ತೀವಿ. ಆ ಸೈಟ್ ತೋರಿಸೋಗಂಟ ನಾನು ವಾಪಸ್ ಹೋಗಲ್ಲ. ಎಷ್ಟೊತ್ತಿಗೆ ಹೊರಡೋದು?"

"ಹತ್ತೂವರೆ, ಅಜ್ಜಿ," ಎಂದು ಅನು ಫೋನು ಇಟ್ಟಳು.

ನಾಗರಾಜು ತಲೆಯ ಮೇಲೆ ಕೈಹೊತ್ತು ಸೋಫಾದಲ್ಲಿ ಕುಸಿದ. ಮಗಳು ಅವನ ಪಕ್ಕ ಬಂದು ಕುಳಿತಳು. "ಬರ್ಲಿ ಬಿಡಪ್ಪ. ಮೇಡಂ ರೂಮಲ್ಲಿ ಅವರದ್ದು ಬಿಟ್ಟು ಏಳು ಕುರ್ಚಿ ಇದೆ, ನಾನು ನೋಡಿದೀನಿ."

ಅಮ್ಮ, ಅಣ್ಣ, ಕೆಂಪಯ್ಯ, ವೆಂಕಟಲಕ್ಷ್ಮಮ್ಮ, ದೇವೇಂದ್ರಪ್ಪ, ಲತಾ, ಅನು. ನಾಗರಾಜು ಬೆರಳು ಮಡಿಸಿ ಎರಡು ಸಲ ಎಣಿಸಿದ. ಅವನಿಗೆ ಕುರ್ಚಿ ಉಳಿಯಲಿಲ್ಲ.